ಅಡ್ಡಿಲ್ಲ ಎಂದ ಕಾಲು

"ನೋವಿದೆಯೇನಪ್ಪಾ?" ಎಂದು ಪರೀಕ್ಷಕರು ಕೇಳಿದರು.

"ಅಡ್ಡಿಲ್ಲ ಸರ್" ಎಂದ ವಿಜಯ.

ಬಯಲುಸೀಮೆಯ ಪರೀಕ್ಷಕರಿಗೆ ಅಷ್ಟು ಸಾಕಾಯಿತು. ನೋವಿಲ್ಲವೆಂದೇ ತಿಳಿದು ತಲೆಯಾಡಿಸಿ, ಅವರು ಪಕ್ಕದ ಮೇಜಿನ ವಿದ್ಯಾರ್ಥಿಯ ಕೆಲಸ ನೋಡಲು ಹೋದರು. ನಡೆದು ನೋಡಲು ಹಾಕಿದ್ದ ಹಿಡಿಕಂಬಿಗಳ ಪಕ್ಕದಲ್ಲಿ ನಿಂತಿದ್ದ ಚೇತನಾಳಿಗೆ ಮಾತ್ರ ಅಷ್ಟು ಸಾಕಾಗಲಿಲ್ಲ. ಅವಳು ಮಲೆನಾಡಿನ ಬೇಗಾರಿನವಳು. ಈ ಕಡೆ ಊಟ ಚೆನ್ನಾಗಿದ್ದರೂ ಅಡ್ಡಿಲ್ಲ, ಎರಡು ದಿನದಿಂದ ಜ್ವರವಿದ್ದರೂ ಅಡ್ಡಿಲ್ಲ. ಕೇಳಿದವರ ಮನಸ್ಸಿಗೆ ಕಿರಿಕಿರಿಯಾಗದಿರಲೆಂದು ಹೇಳುವ ಆ ಮಾತಿನಿಂದ ಹೇಳಿದವನ ದೇಹಸ್ಥಿತಿಯ ಬಗ್ಗೆ ಏನೂ ತಿಳಿಯುವುದಿಲ್ಲ.

ಅದು ೨೦೦೮ರ ಜನವರಿ. ನರಸಿಂಹರಾಜಪುರದ ಶಾಲೆಯೊಂದರ ಸಭಾಂಗಣದಲ್ಲಿ ಚೇತನಾಳ ಕಾಲೇಜು ಕೃತಕ ಕಾಲುಗಳ ಶಿಬಿರ ನಡೆಸಿತ್ತು. ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಅದೇ ಪ್ರಾಯೋಗಿಕ ಪರೀಕ್ಷೆ. ಅಳತೆ ತೆಗೆಯುವುದರಿಂದ ನಡೆಸುವವರೆಗೆ ಒಬ್ಬರ ಕಾಲನ್ನು ತಾವೇ ಮಾಡಬೇಕು. ಹಾಕಿಕೊಂಡವರು ನೋವಿಲ್ಲವೆಂದರೆ ತೇರ್ಗಡೆ. ಇಲ್ಲವಾದರೆ ಪದವಿಗೆ ಮುಂದಿನ ಪರೀಕ್ಷೆಯವರೆಗೆ ಕಾಯಬೇಕು.

ಚೇತನಾ ಆರಿಸಿಕೊಂಡದ್ದು ವಿಜಯನನ್ನು. ಕೊಪ್ಪದಲ್ಲಿ ಪಿಯುಸಿ ಓದುವಾಗ ಇಬ್ಬರೂ ಹಿಂದು ಮುಂದಿನ ಬೆಂಚುಗಳಲ್ಲಿ ಕೂತವರು, ಲೆಕ್ಕಕ್ಕಾಗಿ ಜಗಳವಾಡಿದವರು, ಗಣಿತದ ಮೇಷ್ಟರಾಗಬೇಕೆಂದು ಹೊರಟವರು. ಅವನು ಬಿ.ಎಸ್ಸಿ. ಮುಗಿಸಿ ಬಿ.ಎಡ್. ಸೇರಿದ. ಅವಳನ್ನು ಉಪನ್ಯಾಸಕರೊಬ್ಬರು ಬೇರೆ ದಾರಿಗೆ ತಿರುಗಿಸಿದರು. ಕಾಲು ಮಾಡುವುದಕ್ಕೂ ವಿಶ್ವವಿದ್ಯಾಲಯದ ಪದವಿ ಇದೆ ಎಂದಾಗ ತೋಟದ ಕೆಲಸಕ್ಕೆ ಹೋಗುವ ಅವಳ ಅಪ್ಪ ವಾಸಪ್ಪ ನಕ್ಕುಬಿಟ್ಟಿದ್ದ: "ಮರದ ಕಾಲು ಕೆತ್ತಕ್ಕೂ ಕಾಲೇಜಾ? ಹಂಗಾದ್ರೆ ನಮ್ಮೂರ ಆಚಾರಿಗೆ ಇನ್ಮೇಲೆ ಡಾಕ್ಟ್ರೇ ಅನ್ಬೇಕಾಯ್ತು!" ಆದರೆ ಭಾರ ಯಾವ ರೇಖೆಯಲ್ಲಿ ಇಳಿಯುತ್ತದೆ, ಯಾವ ಕೋನದಲ್ಲಿ ಮಂಡಿ ಬಾಗುತ್ತದೆ ಎಂಬ ಮೊದಲ ವರ್ಷದ ಪಾಠಗಳಲ್ಲೇ ಚೇತನಾಳಿಗೆ ತಾನು ಬಿಟ್ಟುಬಂದ ಗಣಿತ ಸಿಕ್ಕಿತು. ಸಿಗದೇ ಉಳಿದದ್ದು ಅದರ ನಿಶ್ಚಿತತೆ. ಪುಸ್ತಕದ ಕಾಲು ರೇಖೆಗಳಿಂದಾದದ್ದು. ಮನುಷ್ಯನ ಮೋಟುಗಾಲು ಬೆಳಿಗ್ಗೆ ಒಂದಳತೆ, ಸಂಜೆ ಇನ್ನೊಂದಳತೆ.

ಬಿ.ಎಸ್ಸಿ.ಯ ಎರಡನೇ ವರ್ಷದ ರಜೆಯಲ್ಲಿ ಗದ್ದೆಯ ಕೂಲಿಗೆ ಹೋಗಿದ್ದ ವಿಜಯನ ಎಡಗಾಲು ಟಿಲ್ಲರಿನ ಬ್ಲೇಡಿಗೆ ಸಿಕ್ಕಿತ್ತು. ಮಂಡಿಯ ಕೆಳಗೆ ಒಂದು ಗೇಣಷ್ಟು ಉಳಿಯಿತು. ಅಲ್ಲಿಂದೀಚೆಗೆ ಅವನು ಓದಿದ್ದೆಲ್ಲ ಊರುಗೋಲಿನ ಮೇಲೆಯೇ. ಮರುದಿನವೇ ಅವನ ಬಿ.ಎಡ್.ನ ಕೊನೆಯ ಪರೀಕ್ಷೆ, ಮಕ್ಕಳೆದುರು ಪಾಠ ಮಾಡಿ ತೋರಿಸುವುದು. ವಿಷಯ, ವೃತ್ತಕ್ಕೆ ಸ್ಪರ್ಶಕ ಎಳೆಯುವುದು. ಕಪ್ಪುಹಲಗೆಯ ಮೇಲೆ ಮರದ ಕೈವಾರ ತಿರುಗಿಸಲು ಎರಡು ಕೈ ಬೇಕು.

ಹಾಗಾಗಿ 'ಅಡ್ಡಿಲ್ಲ' ಎಂಬ ಮಾತು ಇಬ್ಬರಿಗೂ ಬೇಕಾಗಿತ್ತು. ಚೇತನಾ ಹೆದರಿದ್ದು ಅದಕ್ಕೇ. ಬೇಕಾದದ್ದನ್ನು ನಂಬುವುದಕ್ಕೆ ಪುರಾವೆ ಎಷ್ಟು ಕಡಿಮೆ ಸಾಕಾಗುತ್ತದೆ ಎಂಬುದು ಅವಳಿಗೆ ಹಿಂದಿನ ವಾರವೇ ತಿಳಿದಿತ್ತು. ಅಂದು ಮೋಟುಗಾಲಿನ ಪ್ಲಾಸ್ಟರ್ ಅಚ್ಚನ್ನು ಅರದಿಂದ ಉಜ್ಜುತ್ತಿದ್ದಾಗ ಮಂಡಿಯ ಹೊರಮಗ್ಗುಲಿನ ಗುಂಡು ಮೂಳೆಯ ಜಾಗದಲ್ಲಿ ಅವಳ ಕೈ ಒಂದಿಷ್ಟು ಹೆಚ್ಚು ಓಡಿತ್ತು. ಅಚ್ಚಿನಲ್ಲಿ ಅಲ್ಲಿ ಉಬ್ಬು ಉಳಿಯಬೇಕು; ಆಗ ಮಾತ್ರ ಅದರ ಮೇಲೆ ತಯಾರಾಗುವ, ಮೋಟುಗಾಲು ಕೂರುವ ಬಟ್ಟಲು ಮೂಳೆಯನ್ನು ಒತ್ತುವುದಿಲ್ಲ. ಅಳೆದು ನೋಡಬಹುದಿತ್ತು. ನೋಡಲಿಲ್ಲ. ಸರಿಯಾಗಿಯೇ ಇದ್ದೀತು ಎಂದುಕೊಂಡಳು.

"ವಿಜಯ, ಕಾಲು ಬಿಚ್ಚು" ಎಂದಳು ತಗ್ಗಿದ ದನಿಯಲ್ಲಿ.

"ಯಾಕೆ? ಅವ್ರು ಒಪ್ಪಿ ಆಯ್ತಲ್ಲ."

"ನಾನು ನೋಡ್ಬೇಕು."

"ನಾಳೆ ಪಾಠ ಇದೆ ಕಣೆ. ಸುಮ್ನಿರು ಮಾರಾಯ್ತಿ. ಒಂದಿನ ಅಲ್ವಾ, ತಡ್ಕೊಳ್ತೀನಿ."

"ತಡ್ಕೊಳ್ತೀನಿ ಅಂದ್ಯಲ, ಹಂಗಾದ್ರೆ ನೋವಿದೆ."

ವಿಜಯ ಮುಖ ತಿರುಗಿಸಿದ. ಗೋಡೆಯ ಪಕ್ಕದಲ್ಲಿ ಕೂತಿದ್ದ ಅವನ ತಾಯಿ ಪ್ರೇಮಕ್ಕ ಎದ್ದು ಬಂದಳು. "ಎಂತ ಅದು ಗುಸುಗುಸು? ನಡೀತಿದಾನಲ್ಲ ಹುಡುಗಿ, ಇನ್ನೆಂತ ಬೇಕು ನಿಂಗೆ, ಕುಣೀಬೇಕಾ?"

ಪರೀಕ್ಷಕರು ಆಚೆಯ ಮೇಜಿನಿಂದ ಅಂಕಪಟ್ಟಿ ಹಿಡಿದು ಇತ್ತ ಬರುತ್ತಿದ್ದರು. ಚೇತನಾ ಸುಮ್ಮನಿದ್ದರೆ ಸಾಕಿತ್ತು, ಸುಳ್ಳು ಹೇಳುವ ಅಗತ್ಯವೂ ಇರಲಿಲ್ಲ. ಅವರು ಪೆನ್ನಿನ ಮುಚ್ಚಳ ತೆಗೆದರು.

"ಸರ್, ಸಹಿಗೆ ಮುಂಚೆ ಚರ್ಮ ನೋಡ್ಬೇಕು. ಇಲ್ಲಿ ಅಡ್ಡಿಲ್ಲ ಅಂದ್ರೆ ನೋವಿಲ್ಲ ಅಂತಲ್ಲ."

ಅವರು ಹುಬ್ಬೇರಿಸಿದರು. ವಿಜಯ ಬೆಂಚಿನ ಮೇಲೆ ಧೊಪ್ಪನೆ ಕೂತು, ಕಾಲು ಕಳಚಿ, ಕಾಲುಚೀಲವನ್ನು ಕಿತ್ತು ಬಿಸಾಡಿದ. ಗುಂಡು ಮೂಳೆಯ ಮೇಲೆ ಕುಂಕುಮ ಇಟ್ಟಷ್ಟು ಅಗಲದ ಕೆಂಪು. ಪರೀಕ್ಷಕರು ಹೆಬ್ಬೆರಳಿನಿಂದ ಒತ್ತಿ ಬಿಟ್ಟರು. ಸ್ವಲ್ಪ ಹೊತ್ತು ಕಾದು ಮತ್ತೆ ನೋಡಿದರು. ಮಂಡಿಯ ಕೆಳಗಿನ ಉಳಿದ ಕೆಂಪು ಗುರುತುಗಳು ಮಾಸಿದವು, ಅದೊಂದು ಮಾಸಲಿಲ್ಲ.

"ಈ ಮೂಳೆಯ ಪಕ್ಕದಲ್ಲಿ ಏನು ಹಾದುಹೋಗುತ್ತದೆ?"

"ನರ ಸರ್. ಒತ್ತಡ ಮುಂದುವರಿದ್ರೆ ಮರಗಟ್ಟುತ್ತೆ. ಆಮೇಲೆ ಹುಣ್ಣಾದ್ರೂ ಗೊತ್ತಾಗಲ್ಲ."

"ಗೊತ್ತಿತ್ತು. ಗೊತ್ತಿದ್ದೂ ಕೆತ್ತಿದ್ದೀರಿ."

ಅವರು ಅಂಕಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಅಡ್ಡಗೆರೆ ಎಳೆದರು. ಪ್ರಾಮಾಣಿಕತೆಗೆ ಅಂಕ ಕೊಡುವ ಕಾಲಂ ಆ ಪಟ್ಟಿಯಲ್ಲಿರಲಿಲ್ಲ. ಇರಬೇಕೆಂದೂ ಚೇತನಾಳಿಗೆ ಅನ್ನಿಸಲಿಲ್ಲ: ಕಾಲು ತಪ್ಪಾಗಿತ್ತು. "ಅಚ್ಚು ಹೊಸದಾಗಿ ತೆಗೆಯಿರಿ. ಕಾಲು ಆದಾಗ ನೋಡೋಣ, ನಿಮ್ಮ ಪರೀಕ್ಷೆ ಮುಂದಿನ ಸಲ" ಎಂದು ಹೇಳಿ ಅವರು ಹೊರಟರು.

ವಿಜಯ ಊರುಗೋಲು ಎಳೆದುಕೊಂಡ. "ನಿನ್ನ ಪದವಿನೂ ಹೋಯ್ತು, ನನ್ನ ಪಾಠನೂ ಹೋಯ್ತು. ಸಮಾಧಾನ ಆಯ್ತಾ?"

"ಇಲ್ಲ."

"ನಾಳೆ ಕೈವಾರ ಯಾರು ಹಿಡೀತಾರೆ? ನೀನು ಬತ್ತೀಯಾ?"

ಬಾಗಿಲ ತನಕ ಹೋಗಿದ್ದ ಮಗನ ಅಂಗಿಯನ್ನು ಪ್ರೇಮಕ್ಕ ಹಿಂದಿನಿಂದ ಹಿಡಿದೆಳೆದಳು. ಅವಳಿಗೂ ಚೇತನಾಳ ಮೇಲೆ ಸಿಟ್ಟಿತ್ತು. ಆದರೆ ಆ ಕೆಂಪನ್ನು ಅವಳೂ ನೋಡಿದ್ದಳು. "ಬಸ್ಸಿಗೆ ಹೊತ್ತಿದೆ. ಕೂತ್ಕ" ಎಂದಳು.

ಅವನು ಬಂದು ಕೂತ. ಮೋಟುಗಾಲನ್ನು ಮುಂದೆ ಚಾಚಿದ. ಚೇತನಾ ಹೊಸ ಚೀಲ ತೊಡಿಸಿ, ಮೂಳೆಗಳ ಗುರುತು ಹಾಕಲು ನೀಲಿ ಪೆನ್ಸಿಲನ್ನು ಒದ್ದೆ ಮಾಡಿಕೊಂಡಳು. ಈ ಸಲ ಅವಳು ನೋವಾ ಎಂದು ಕೇಳಲಿಲ್ಲ. ಅವನ ಮುಖವನ್ನೇ ನೋಡುತ್ತ ಹೆಬ್ಬೆರಳಿನಿಂದ ಒಂದೊಂದೇ ಜಾಗ ಒತ್ತುತ್ತ ಹೋದಳು.

"ಅಯ್ಯೋ! ಅಲ್ಲೇ ಕಣೆ, ಸಾಯಿಸ್ತೀಯಾ?" ಎಂದು ವಿಜಯ ಕೂಗಿದ. ಸಭಾಂಗಣದಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಇಲ್ಲೇನಾ, ಇನ್ನೂ ಸ್ವಲ್ಪ ಹಿಂದೆನಾ?"

"ಹಿಂದೆ. ಇನ್ನೂ ಹಿಂದೆ. ಹ್ಞಾ, ಅಲ್ಲಿ. ಒತ್ಬೇಡ!"

ಅವಳು ಅಲ್ಲಿ ದಪ್ಪನೆಯ ನೀಲಿ ವೃತ್ತ ಬರೆದಳು.