ದೀಪ ಹಚ್ಚುವ ಹೊತ್ತಿನ ನಿದ್ದೆ

ನನ್ನ ತಂಗಿಗೆ ಸರಿಯಾಗಿ ದೀಪ ಹಚ್ಚುವ ಹೊತ್ತಿಗೆ ಕಣ್ಣು ಎಳೆಯುತ್ತಿತ್ತು. ಲಕ್ಷ್ಮಿ ಬರುವ ಹೊತ್ತಿನಲ್ಲಿ ಮಲಗುವ ಸೊಸೆಯನ್ನು ಹಂಸಭಾವಿಯ ಅವಳ ಅತ್ತೆ ಹೇಗೆ ಸಹಿಸಿಯಾರು? ಅದೇ ಸೊಸೆ ಕೋಳಿ ಕೂಗುವ ಮೊದಲೇ ಎದ್ದು, ಅಂಗಳ ಸಾರಿಸಿ, ಮನೆಮಂದಿಗೆಲ್ಲ ರೊಟ್ಟಿ ಬಡಿದಿಡುತ್ತಿದ್ದಳು. ರೊಟ್ಟಿಯನ್ನು ಎಲ್ಲರೂ ತಿಂದರು, ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. "ಬಂದು ಬುದ್ಧಿ ಹೇಳ್ರಿ, ಇಲ್ಲಾಂದ್ರ ಕರಕೊಂಡು ಹೋಗ್ರಿ" ಎಂದು ಅತ್ತೆಯ ಫೋನ್ ಬಂದಾಗ ನಾನು ಹೊರಟೆ.

ನಾನು ಶಿಗ್ಗಾಂವಿಯಲ್ಲಿ ಜೀವಶಾಸ್ತ್ರ ಕಲಿಸುವವಳು. ನಮ್ಮವ್ವನಿಗೂ ಹೀಗೇ ಇತ್ತು. ಅಪ್ಪನೇ ಸಂಜೆ ದೀಪ ಹಚ್ಚುತ್ತಿದ್ದ, ಅದೇನು ದೊಡ್ಡ ಮಾತೆಂದು ನಮಗೆ ಅನ್ನಿಸಿರಲೇ ಇಲ್ಲ.

ಬೀಗರ ಪಡಸಾಲೆಯಲ್ಲಿ ಕುಳಿತು ತರಗತಿಯಲ್ಲಿ ಹೇಳುವಂತೆ ಹೇಳಿದೆ. ಮೈಯ ಒಂದೊಂದು ಜೀವಕೋಶದಲ್ಲೂ ಗಡಿಯಾರವಿದೆ, ಅದನ್ನು ನಡೆಸುವುದು ಪ್ರೋಟೀನುಗಳು. ಎರಡು ಪ್ರೋಟೀನುಗಳು ಜೋಡಿಯಾಗಿ ಮೂರನೆಯದೊಂದರ ತಯಾರಿಕೆ ಶುರು ಮಾಡಿಸುತ್ತವೆ. ಅದು ಸಾಕಷ್ಟು ಕೂಡಿದ ಮೇಲೆ, ಬೇರೊಂದು ಜೊತೆಗಾರ ಪ್ರೋಟೀನಿನೊಡನೆ ಕೋಶಕೇಂದ್ರಕ್ಕೆ ಹೋಗಿ, ಆ ಮೊದಲ ಜೋಡಿಯನ್ನು ತಡೆದು ತನ್ನ ತಯಾರಿಕೆಯನ್ನು ತಾನೇ ನಿಲ್ಲಿಸುತ್ತದೆ. ಆಮೇಲೆ ಮೆಲ್ಲಗೆ ಒಡೆದು ಮುಗಿಯುತ್ತದೆ, ಮತ್ತೆ ತಯಾರಿ. ಈ ಸುತ್ತಿಗೆ ಸುಮಾರು ಒಂದು ದಿನ. ಕೆಲವು ಮನೆತನಗಳಲ್ಲಿ ಆ ಪ್ರೋಟೀನು ಹುಟ್ಟಿನಿಂದಲೇ ಚೂರು ಬೇರೆ. ಬೇಗ ಒಡೆಯುತ್ತದೆ, ಗಡಿಯಾರ ಮುಂದೆ ಓಡುತ್ತದೆ, ನಿದ್ದೆ ಸಂಜೆಗೇ ಬರುತ್ತದೆ.

"ನಮ್ಮ ಮನ್ಯಾಗ ಇದ ಇರಬೇಕ್ರಿ. ಆಕಿ ಸೊಂಬೇರಿ ಅಲ್ರಿ, ಅತ್ತಿ" ಎಂದೆ.

ನನ್ನ ವಿದ್ಯಾರ್ಥಿಗಳು ಒಂದು ದಿನವೂ ಆ ಅತ್ತೆಯಷ್ಟು ಗಮನವಿಟ್ಟು ಕೇಳಿದವರಲ್ಲ.

"ಹಂಗಾರ ಇದು ಹೋಗೂದಿಲ್ಲನ್ರಿ?"

"ಇಲ್ರಿ."

"ನಾಳೆ ಹುಟ್ಟೋ ಕೂಸಿಗೂ ಬರ್ತೈತೇನ್ರಿ?"

ಸುಳ್ಳು ನನ್ನ ಬಾಯಲ್ಲಿ ಬರುವುದಿಲ್ಲ. "ಬರಬಹುದ್ರಿ" ಎಂದೆ.

"ಸೊಂಬೇರಿತನ ಆಗಿದ್ರ ಬಿಡಿಸ್ತಿದ್ವಿ, ಟೀಚರ. ರಕ್ತದಾಗ ಇದ್ದದ್ದಕ್ಕ ಏನ್ ಮಾಡೂಣ್ರಿ? ಲಗ್ನಕ್ಕ ಮೊದಲ ಹೇಳಬೇಕಿತ್ತು."

ತಂಗಿಯ ಗಂಡ ದೇವರಂಥ ಮನುಷ್ಯ ಎಂದು ಊರೆಲ್ಲ ಅನ್ನುತ್ತಿತ್ತು. ಕಲ್ಲಿನ ದೇವರಂತೆಯೇ ಕುಳಿತಿದ್ದ. ಆ ಮಧ್ಯಾಹ್ನವೇ ಬ್ಯಾಗು ತುಂಬಿಸಿ ಅವಳನ್ನು ನನ್ನ ಜೊತೆ ಕಳಿಸಿದರು. ಮರ್ಯಾದೆಗೆ ಕಡಿಮೆಯಿಲ್ಲ, ಚಹಾ ಕುಡಿಸಿಯೇ ಕಳಿಸಿದರು.

ನಾನು ಇಷ್ಟು ಓದಿದ್ದು ಅವರ ಕೈಗೊಂದು ನೆಪ ಕೊಡುವುದಕ್ಕೇ? ಬಸ್ಸಿನಲ್ಲಿ ಕುಳಿತು ಆ ಮನೆಯವರನ್ನೆಲ್ಲ ಬಾಯಿಗೆ ಬಂದಂತೆ ಬೈದೆ. ತಂಗಿ ನನ್ನ ಕೈ ಹಿಡಿದಳು.

"ಸೊಂಬೇರಿ ಅಂತ ಬೈಸಿಕೊಂಡಾದ್ರೂ ನಾ ಆ ಮನ್ಯಾಗ ಇರ್ತಿದ್ನಿ, ಅಕ್ಕಾ" ಎಂದಳು.