ಕಾರು ಮಾರಿದರೂ ಹಗ್ಗ ಮಾರಲಿಲ್ಲ

ನಮ್ಮ ಅಬ್ಬಿಗೇರಿಯ ಎರೆಮಣ್ಣಿಗೆ ಕಾರೆಂದರೆ ಬಹಳ ಪ್ರೀತಿ. ಒಂದು ಮಳೆ ಬಿದ್ದರೆ ಸಾಕು, ಗಾಲಿ ಹಿಡಿದರೆ ಬಿಡುವುದೇ ಇಲ್ಲ. ಅದಕ್ಕೇ ನನ್ನ ಕಾರುಗಳಲ್ಲಿ ಸ್ಟೆಪ್ನಿ ಇಲ್ಲದಿದ್ದರೂ ದಪ್ಪನೆಯ ಹಗ್ಗವೊಂದು ಇದ್ದೇ ಇರುತ್ತಿತ್ತು. ಎತ್ತು ಕಟ್ಟಿ ಎಳೆಸಬೇಕಲ್ಲ!

ಮೊದಲನೆಯದು ಹಳೆಯ ಹೆರಾಲ್ಡ್. ಬಾನೆಟ್ ಎತ್ತಿದರೆ ಮಡ್‌ಗಾರ್ಡ್ ಸಮೇತ ಇಡೀ ಮುಂಭಾಗವೇ ಮೇಲೇಳುತ್ತಿತ್ತು. ಮದುವೆಯಾದ ಹೊಸದರಲ್ಲಿ ಹೆಂಡತಿಯನ್ನು ಅದರಲ್ಲೇ ನರಗುಂದದ ತವರಿಗೆ ಕರೆದೊಯ್ಯುತ್ತಿದ್ದೆ. ರೋಣ ದಾಟಿದ ಮೇಲೆ ಎರಡೂ ಕಡೆ ಕಡಲೆ, ಬಿಳಿಜೋಳ. ಸಂಜೆ ಬಿಸಿಲಿನಲ್ಲಿ ದಾರಿ ಎಲ್ಲೂ ಮುಗಿಯುವುದಿಲ್ಲವೇನೋ ಅನಿಸುತ್ತಿತ್ತು. ಬಯಲಿನ ಕೊನೆಯಲ್ಲಿ ನರಗುಂದದ ಗುಡ್ಡ ಮೊದಲು ಹೊಗೆಯಂತೆ ಏಳುತ್ತಿತ್ತು. "ಗುಡ್ಡ ಕಂಡ್ತೇನ?" ಎಂದು ನಾನು ಕೇಳಬೇಕು, "ಕಂಡ್ತ್ರಿ" ಎಂದು ಅವಳು ನಗಬೇಕು. ಅದು ನಮ್ಮಿಬ್ಬರ ಆಟ.

ಹೆರಾಲ್ಡ್ ಮಾರುವಾಗ ಅಪ್ಪ ಡಿಕ್ಕಿಯಿಂದ ಹಗ್ಗ ತೆಗೆದಿಟ್ಟುಕೊಂಡ. "ಎತ್ತು ಮಾರಿದ್ರ ಹಗ್ಗ ಕೊಡಬಾರ್ದು. ಹಗ್ಗ ಮನ್ಯಾಗಿದ್ರ ಇನ್ನೊಂದು ಬರ್ತದ," ಎಂದ. ಇದು ಎತ್ತಲ್ಲಪ್ಪ ಎಂದರೆ ಕೇಳಬೇಕಲ್ಲ! ಆದರೆ ಖರೆ, ಬಂತು. ಬಟ್ಟೆಯ ಹುಡ್ ಹಾಕಿದ ಜೀಪು, ಆಮೇಲೆ ಮೈತುಂಬಿದ ಬಿಳಿ ಅಂಬಾಸಿಡರ್. ಹಗ್ಗ ಒಂದರಿಂದ ಇನ್ನೊಂದಕ್ಕೆ ಹೋಯಿತು.

ಈಚೆಗೆ ನನ್ನ ಕಣ್ಣು ಮಂಜಾದವು. ಆಪರೇಷನ್ ಮಾಡಿಸಿದರೂ ತಿಳಿಯಾಗಲಿಲ್ಲ. ಕೆಲವು ದಿನ ಹೆಂಡತಿಯ ಕಣ್ಣಿನಲ್ಲೇ ಗಾಡಿ ನಡೆಸಿದೆ. "ಎಮ್ಮಿ ಬಂತ್ರಿ," "ಬಸ್ಸು, ಬಾಜೂಕ ತಗೋರಿ," ಎನ್ನುತ್ತಿದ್ದಳು. ಒಂದು ಸಂಜೆ ಗುಡ್ಡವೇ ನನಗೆ ಕಾಣಲಿಲ್ಲ. ಕಾರು ಮಾರಿಯೇ ಸೈ ಎಂದು ಹಟ ಹಿಡಿದೆ.

ಗಜೇಂದ್ರಗಡದ ಸೀರೆ ವ್ಯಾಪಾರಿಯೊಬ್ಬರು ಕೊಂಡರು. "ಹಗ್ಗಾನೂ ಒಯ್ರಿ. ಇನ್ನ ನನಗ ಯಾವ ಗಾಡಿ ಬರ್ತದ," ಎಂದು ನಾನೇ ಅವರ ಕೈಗಿಟ್ಟೆ. ಹೆಂಡತಿ ಬಂದವಳೇ ಅದನ್ನು ಕಸಿದುಕೊಂಡಳು.

"ನಿಮ್ಮ ಕಣ್ಣು ಹೋಗ್ಯಾವ. ನನ್ನವು ಅದಾವಲ್ರಿ!"

ಅರವತ್ತು ದಾಟಿದವಳು ರೋಣಕ್ಕೆ ಹೋಗಿ ಡ್ರೈವಿಂಗ್ ಕಲಿತಳು. ಊರು ನಕ್ಕಿತು, ನಾನೂ ನಕ್ಕೆ. ಈಗ ಅಂಗಳದಲ್ಲಿ ಸಣ್ಣದೊಂದು ಕೆಂಪು ಕಾರಿದೆ, ಅದರ ಡಿಕ್ಕಿಯಲ್ಲಿ ಅದೇ ಹಗ್ಗ.

ಮೊನ್ನೆ ಮೊದಲ ಸಲ ನರಗುಂದಕ್ಕೆ ಹೊರಟೆವು. ಎಡಗಡೆ ಕೂತ ನನಗೆ ಬಯಲೆಲ್ಲ ಹಾಲು ಚೆಲ್ಲಿದಂತೆ ಬೆಳ್ಳಗೆ. ಅವಳು ಗಾಡಿ ನಿಧಾನ ಮಾಡಿದಳು.

"ಗುಡ್ಡ ಕಂಡ್ತೇನ್ರಿ?"

"ಕಂಡ್ತು," ಎಂದೆ.