ಒಂದು ಜೊತೆ ಶೂ, ಇಬ್ಬರು ಆಟಗಾರರು

ಮೊಮ್ಮಗಳು ಹೊಸ ಫುಟ್‌ಬಾಲ್ ಶೂ ಡಬ್ಬ ಬಿಚ್ಚಿದಳು. ಆ ಚರ್ಮದ ವಾಸನೆ ನನ್ನನ್ನು ತುಮಕೂರಿನ ನಮ್ಮ ಹುಡುಗರ ಕ್ಲಬ್ಬಿಗೆ ಎಳೆದೊಯ್ದಿತು.

ಶಿರಾ ಗೇಟಿನಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ ರಹೀಮ್ ಸಾಬರೇ ನಮ್ಮ ಕೋಚು. ಎಲ್ಲರಿಗೂ ಶೂ ಸಾಲುತ್ತಿರಲಿಲ್ಲ. "ಒದಿಯೋ ಕಾಲ್ಗೆ ಮಾತ್ರ ಶೂ ಕಣ್ರೋ" ಎಂದು ಒಂದು ಜೊತೆಯನ್ನು ಇಬ್ಬರಿಗೆ ಹಂಚುತ್ತಿದ್ದರು. ಬಲಗಾಲಿನದು ನನಗೆ, ಎಡಗಾಲಲ್ಲಿ ಒದೆಯುವ ಗೆಳೆಯ ನಾಗನಿಗೆ ಇನ್ನೊಂದು.

ಬೆಂಗಳೂರಿನ ದೊಡ್ಡ ಕ್ಲಬ್ಬಿನವರು ನಾಗನೊಬ್ಬನನ್ನೇ ಆರಿಸಿದರು. ಅವನನ್ನು ಬಸ್ಸು ಹತ್ತಿಸುವಾಗ ನನ್ನ ಶೂವನ್ನೂ ಅವನ ಚೀಲಕ್ಕೆ ತುರುಕಿದೆ. ಅವನು ಅದನ್ನು ತೆಗೆದು ನನ್ನ ಕೈಗಿಟ್ಟ.

"ಎರಡೂ ಹಾಕ್ಕಂಡ್ರೆ ನಂಗೆ ಓಡಕ್ಕೇ ಬರಲ್ಲ ಕಣ್ಲಾ. ಇದು ನಿಂದು. ನೀನು ಆಟ ಬುಡಬ್ಯಾಡ."

"ತಾತ, ಒಂದೇ ಯಾಕೆ ಎತ್ಕೊಂಡೆ?" ಎಂದು ಮೊಮ್ಮಗಳು ನಕ್ಕಳು. ನೋಡಿದರೆ, ನನ್ನ ಮಡಿಲಲ್ಲಿದ್ದದ್ದು ಬಲಗಾಲಿನ ಶೂ.